ಪ್ರೌಢಶಾಲೆಯ ಸಂಖ್ಯಾಶಾಸ್ತ್ರ ಪಾಠ: ಒಂದು ವಿಮರ್ಶೆ

ಕರ್ನಾಟಕದ ಹತ್ತನೆಯ ತರಗತಿಯ ಗಣಿತ ಪಠ್ಯದಲ್ಲಿ ಸಂಖ್ಯಾಶಾಸ್ತ್ರಕ್ಕೆ ಒಂದು ಅಧ್ಯಾಯವು ಮೀಸಲಾಗಿರುವುದಷ್ಟೆ. ಸರಾಸರಿ, ಮಧ್ಯಾಂಕ, ಬಹುಲಕಗಳೆಂಬ ಮೂರು ಅಳತೆಗಳೇ ಅದರ ತಿರುಳು. ಸರಾಸರಿಯೆಂಬುದು ಪಾರಸಿಯಿಂದ ಬಂದು ಜನರ ನಾಲಗೆಯಲ್ಲಿ ನೆಲೆಸಿದ ಮಾತು. ಉಳಿದೆರಡು ಸಂಸ್ಕೃತದಿಂದ ಕಟ್ಟಿಕೊಂಡ ಶಾಸ್ತ್ರಪದಗಳು. ಆದುದರಿಂದ ವಿದ್ಯಾರ್ಥಿಯು ಸರಾಸರಿಯೊಂದನ್ನೇ ನಂಬಿ, ಉಳಿದವನ್ನು ಬರಿಯ ಸೂತ್ರಗಳೆಂದೆಣಿಸುವ ಅಪಾಯವುಂಟು.

ಇದರ ಪರಿಣಾಮವನ್ನು ತಿಳಿಯಲು ಕಬ್ಬಿಣದ ಅದಿರಿನ ಸೀಮೆಯಾದ ಸಂಡೂರಿನಲ್ಲಿ ಒಂದು ಓಣಿಯನ್ನು ಕಲ್ಪಿಸಬಹುದು. ಅಲ್ಲಿ ಒಂಬತ್ತು ಮಂದಿ ಕೂಲಿಕಾರರು ತಿಂಗಳಿಗೆ ತಲಾ 10,000 ರೂಪಾಯಿಗಳನ್ನೂ, ಗಣಿಯ ಒಡೆಯನೊಬ್ಬನು 10,00,000 ರೂಪಾಯಿಗಳನ್ನೂ ಗಳಿಸುವರೆನ್ನೋಣವಾಗಲಿ. ಸರಾಸರಿ ಆದಾಯವು 1,09,000 ರೂಪಾಯಿ. ಅಷ್ಟನ್ನು ಪಡೆಯುವವನು ಆ ಓಣಿಯಲ್ಲಿ ಒಬ್ಬನೂ ಇಲ್ಲ. ಮಧ್ಯಾಂಕವೂ ಬಹುಲಕವೂ 10,000. ಮಧ್ಯಾಂಕದ ಮೂರರಷ್ಟು, ಬಹುಲಕವನ್ನು ಸರಾಸರಿಯ ಎರಡರಷ್ಟಕ್ಕೆ ಕೂಡಿಸಿದ ಮೊತ್ತಕ್ಕೆ ಸಮವೆಂದು ಪಠ್ಯದಲ್ಲಿ ಹೇಳಿರುವ ಸಂಬಂಧವನ್ನು ಇಲ್ಲಿ ಅನ್ವಯಿಸಿದರೆ, ಮಧ್ಯಾಂಕವು 76,000 ಎಂದು ಬರುವುದು! ಅನುಭವದಿಂದ ಕಂಡುಕೊಂಡ ಸ್ಥೂಲ ಸಂಬಂಧವು ಬಾಯಿಪಾಠದಲ್ಲಿ ನಿಯಮದ ಪದವಿಗೇರಿದುದರಿಂದ ಆಗುವ ಅನರ್ಥವಿದು.

ಪಠ್ಯಕರ್ತರು ಇದನ್ನು ಅರಿಯದವರಲ್ಲ. ವಿಪರೀತ ಬೆಲೆಗಳಿದ್ದಲ್ಲಿ ಸರಾಸರಿಯು ತಕ್ಕ ಪ್ರತಿನಿಧಿಯಲ್ಲವೆಂಬುದು ಅಧ್ಯಾಯದಲ್ಲಿಯೇ ಉಕ್ತವಾಗಿದೆ. ಆದರೆ ಸರಾಸರಿಯನ್ನು ಮೂರು ವಿಧಾನಗಳಿಂದ ಕಂಡುಹಿಡಿಸಿದ ಬಹಳ ಹೊತ್ತಿನ ಮೇಲೆ ಆ ಮಾತು ಬರುವುದರಿಂದ, ವಿವೇಚನೆಯು ಗಣನೆಯ ಬಾಲದಂತೆ ತೋರುತ್ತದೆ.

ಎರಡನೆಯ ಕೊರತೆಯು ದತ್ತಾಂಶಕ್ಕೆ ಸಂಬಂಧಿಸಿದುದು. ಲೆಕ್ಕಗಳಲ್ಲಿ ಅಂಕಿಗಳು ಸಿದ್ಧವಾಗಿಯೇ ದೊರೆಯುವುದರಿಂದ, ಅವುಗಳ ಮೂಲವನ್ನು ವಿಚಾರಿಸುವ ಅಭ್ಯಾಸವು ಬೆಳೆಯುವುದಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರ್ಪಟ್ಟಾಗ ಹೊಸಪೇಟೆಯೂ ಹಂಪಿಯೂ ಹೊಸ ಜಿಲ್ಲೆಗೆ ಸೇರಿದವು. ಸಂಡೂರೂ ಕಂಪ್ಲಿಯೂ ಬಳ್ಳಾರಿಯಲ್ಲಿಯೇ ಉಳಿದವು. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಗಿದ್ದ ಸಂಖ್ಯೆಯನ್ನು ಈಗಿನ ಜಿಲ್ಲೆಯ ಸಂಖ್ಯೆಯೊಡನೆ ಹೋಲಿಸಿ, ಜನರು ಕಡಮೆಯಾದರೆಂದು ಬರೆಯುವ ಬಾಲಕನು ಕಳೆಯುವ ಲೆಕ್ಕದಲ್ಲಿ ತಪ್ಪಿರಲಾರನು. ಆದರೂ ಅವನ ಉತ್ತರವು ತಪ್ಪು. ಕುಗ್ಗಿದುದು ಜಿಲ್ಲೆಯ ಎಲ್ಲೆಯೇ ಹೊರತು ಜನರಲ್ಲ.

ಭಾಷೆಯ ಪಾಠದಲ್ಲಿ ವಾಕ್ಯವೊಂದನ್ನು ಯಾರು, ಎಲ್ಲಿ, ಯಾವಾಗ ನುಡಿದರೆಂದು ಕೇಳಿದ ತರುವಾಯವೇ ಅರ್ಥ ಹೇಳುವುದು ವಾಡಿಕೆ. ಅಂಕಿಗೂ ಅದೇ ಮರ್ಯಾದೆಯು ಸಲ್ಲತಕ್ಕದ್ದು. ಯಾವ ಅಳತೆಯು ಎಲ್ಲಿಗೆ ತಕ್ಕುದೆಂಬ ಪ್ರಶ್ನೆಯು ಅಧ್ಯಾಯದ ಮೊದಲಿಗೆ ಬಂದು, ಪರೀಕ್ಷೆಯಲ್ಲಿ ಉತ್ತರದ ಅರ್ಥವನ್ನು ವಿವರಿಸಿದವರಿಗೂ ಅಂಕಗಳು ದೊರೆಯುವಂತಾದರೆ, ಈ ಪಾಠದ ಉದ್ದೇಶವು ನೆರವೇರುವುದು.