ಹಿಂದಕ್ಕೆ ತಿರುಗಿದ ಗೆರೆ

1927ರ ಆಗಸ್ಟ್ 2ರಂದು ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ಫೆರಿಯಲ್ಲಿದ್ದರು. ದೂರವಾಣಿ ತಂತಿಯುದ್ದಕ್ಕೂ ಇದ್ದ ಆಂಪ್ಲಿಫೈಯರ್‌ಗಳು ಮಾತನ್ನು ಹಿಗ್ಗಿಸುತ್ತಲೇ ಕೆಡಿಸುತ್ತಿದ್ದವು. ಪರಿಹಾರ ಅಲ್ಲೇ ಹೊಳೆಯಿತು. ಕೈಲಿದ್ದ ನ್ಯೂಯಾರ್ಕ್ ಟೈಮ್ಸ್ ಹಾಳೆಯ ಮೇಲೇ ಬರೆದಿಟ್ಟರು.

ಇಂದು ಆ ಪರಿಹಾರವನ್ನು ತೋರಿಸುವ ಬ್ಲಾಕ್ ಡಯಾಗ್ರಾಂ ಎಷ್ಟು ಸರಳ! ಒಂದು ಚೌಕದಲ್ಲಿ ಆಂಪ್ಲಿಫೈಯರ್. ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ತರುವ ಇನ್ನೊಂದು ಚೌಕ. ಅದು ಇನ್‌ಪುಟ್ಟನ್ನು ಸೇರುವಲ್ಲಿ ಪುಟ್ಟ ವೃತ್ತ, ಪಕ್ಕದಲ್ಲಿ ಕಳೆಯುವ ಚಿಹ್ನೆ. ಇಡೀ ಸೊಗಸು ಆ ಕಳೆಯುವಿಕೆಯಲ್ಲಿದೆ. ಲಕ್ಷ ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್‌ಗೆ ನೂರರಲ್ಲೊಂದು ಪಾಲು ಹಿಂತಿರುಗಿಸಿದರೆ ಒಟ್ಟು ಹಿಗ್ಗುವಿಕೆ 99.9 ಪಟ್ಟಿಗೆ ಇಳಿಯುತ್ತದೆ. ನಷ್ಟವೆನಿಸಬಹುದು. ಆದರೆ ಒಳಗಿನ ವಾಲ್ವ್ ಹಳತಾಗಿ ಆಂಪ್ಲಿಫೈಯರ್‌ನ ಬಲ ಅರ್ಧಕ್ಕೆ ಕುಸಿದರೂ ಒಟ್ಟು ಹಿಗ್ಗುವಿಕೆ 99.8 ಪಟ್ಟು!

ಈ ಉಪಾಯದ ಪೇಟೆಂಟ್ ಬ್ಲ್ಯಾಕ್ ಕೈಸೇರಿದ್ದು 1937ರಲ್ಲಿ. ಅದು ಆಂಪ್ಲಿಫೈಯರ್‌ಗಷ್ಟೇ ಸೀಮಿತವಲ್ಲ. ಚೌಕದೊಳಗೆ ಆಂಪ್ಲಿಫೈಯರ್ ಬದಲು ಮೋಟರ್ ಎಂದು ಬರೆದರೂ ಇದೇ ಗಣಿತ ವೇಗವನ್ನು ಹಿಡಿದಿಡುತ್ತದೆ.