ಮೊದಲ ವರ್ಷದ ಖುರಾಕು

ಹೈದರಾಬಾದಿನಲ್ಲಿ ಗೋಲ್ಕೊಂಡ ಕೋಟೆಯ ಮಗ್ಗುಲಿಗೇ ಒಂದು ಗಾಲ್ಫ್ ಅಂಗಳವಿದೆ. ಪುಣೆಯಲ್ಲೂ ಇವೆ. ದೇಶದ ವೃತ್ತಿಪರ ಗಾಲ್ಫ್ ಟೂರ್, ಅಂದರೆ 2006ರಲ್ಲಿ ಹುಟ್ಟಿದ ಪಿಜಿಟಿಐ, ಎರಡೂ ಊರಿನಲ್ಲಿ ಪಂದ್ಯ ಆಡಿಸಿದೆ. ಆ ಎರಡು ಊರುಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 65 ನಮ್ಮ ಹುಮನಾಬಾದನ್ನು ಹಾದು, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದ ಮುಂದೆಯೇ ಹೋಗುತ್ತದೆ. ಒಂದು ಗ್ರೀನ್ ಕೂಡ ಇಲ್ಲದ ಊರಿನಲ್ಲಿ ಕೂತು ಗಾಲ್ಫ್ ಅಂಕಣ ಬರೆಯುವುದಕ್ಕೆ ನನಗಿರುವ ಸಮರ್ಥನೆ ಇಷ್ಟೇ. ವಿಮಾನದ ದುಡ್ಡು ಉಳಿಸಲು ಕೋಲುಗಳ ಚೀಲವನ್ನು ರಾತ್ರಿ ಬಸ್ಸಿನ ಡಿಕ್ಕಿಗೆ ತುರುಕಿ ಹೊರಟ ಹೊಸ ಆಟಗಾರ ಇದ್ದರೆ, ನಾವು ಮಲಗಿರುವ ಹೊತ್ತಿನಲ್ಲಿ ಅವನು ನಮ್ಮೂರನ್ನು ದಾಟುತ್ತಾನೆ.

ಈ ವಾರ ಅವನದೇ ಮಾತು. ಟಿವಿಯಲ್ಲಿ ಭಾನುವಾರ ಸಂಜೆ ಕಪ್ ಎತ್ತುವವನನ್ನು ಬಿಡಿ. ಅವನ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ.

ಹೊಸಬ ಮೊದಲು ಕ್ವಾಲಿಫೈಯಿಂಗ್ ಸ್ಕೂಲ್ ದಾಟಬೇಕು. ಹೆಸರು ಶಾಲೆಯದ್ದಾದರೂ ಅಲ್ಲಿ ಯಾರೂ ಕಲಿಸುವುದಿಲ್ಲ, ಬರೀ ಸೋಸುತ್ತಾರೆ. ಫೀಸು ಕಟ್ಟಿ ಆಡಿ, ಮೇಲಿನ ಕೆಲವು ಸ್ಥಾನಗಳಲ್ಲಿ ಬಂದವರಿಗೆ ಮಾತ್ರ ವರ್ಷದ ಕಾರ್ಡು. ಕಾರ್ಡು ಸಿಕ್ಕಿತೆಂದರೆ ಸಂಬಳ ಸಿಕ್ಕಿತು ಎಂದಲ್ಲ, ಖರ್ಚು ಮಾಡುವ ಪರವಾನಗಿ ಸಿಕ್ಕಿತು ಎಂದರ್ಥ. ಪ್ರಯಾಣ, ಲಾಡ್ಜು, ಊಟ, ಚೀಲ ಹೊರುವ ಕ್ಯಾಡಿಯ ಕೂಲಿ, ಪ್ರವೇಶ ಶುಲ್ಕ ಎಲ್ಲವೂ ತನ್ನದೇ ಜೇಬಿನಿಂದ. ಎರಡು ದಿನ, 36 ಹೋಲ್ ಆದ ಮೇಲೆ ಗೆರೆ ಎಳೆಯುತ್ತಾರೆ, ಅದಕ್ಕೆ ಕಟ್ ಎನ್ನುತ್ತಾರೆ. ಮೊದಲ 50 ಸ್ಥಾನ ಮತ್ತು ಅವರ ಸರಿಸಮ ಬಂದವರು ಉಳಿಯುತ್ತಾರೆ. ಮಿಕ್ಕವರು ಚೀಲ ಕಟ್ಟಬೇಕು, ಒಂದು ರೂಪಾಯಿಯೂ ಇಲ್ಲ. ಒಟ್ಟು ಬಹುಮಾನ 1 ಕೋಟಿ ಇರುವ ಪಂದ್ಯದಲ್ಲಿ ಗೆದ್ದವನಿಗೆ 15 ಲಕ್ಷ ಹೋಗುತ್ತದೆ. ಅಲ್ಲಿಂದ ಕೆಳಕ್ಕೆ ಮೊತ್ತ ಬಹಳ ಬೇಗ ಇಳಿಯುತ್ತದೆ. ಐವರು ಸಮ ಬಂದರೆ ಐದು ಸ್ಥಾನದ ಹಣವನ್ನು ಕೂಡಿಸಿ ಹಂಚುತ್ತಾರೆ. ಕಟ್ ದಾಟಿದವರ ಸಾಲಿನ ಕೊನೆಯಲ್ಲಿ ಬಂದವನು ಆ ವಾರದ ಖರ್ಚು ಹುಟ್ಟಿಸಿಕೊಂಡರೆ ಅದೇ ದೊಡ್ಡದು.

ಹೊಟ್ಟೆಯ ಈ ಪ್ರಶ್ನೆಗೆ ನಮ್ಮ ಊರಿನಲ್ಲೇ ಒಂದು ಹಳೆಯ ಉತ್ತರವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ವಿವರಿಸುತ್ತ ಮಲ್ಲರಿಗೂ ಜಾಗ ಕೊಟ್ಟಿದ್ದಾನೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸಬೇಕು. ಅವರ ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿಗಳ ಹೊಣೆ ಅರಮನೆಯದು. (ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟವೂ ಅದೇ ಪುಸ್ತಕದಲ್ಲಿದೆ. ಹಾಗೆಂದು ಗಾಲ್ಫ್ ನಮ್ಮ ಕಲ್ಯಾಣದಲ್ಲೇ ಹುಟ್ಟಿತು ಎಂದು ಯಾರೂ ಮೆರವಣಿಗೆ ತೆಗೆಯಬೇಡಿ.) ಪೈಲ್ವಾನರು ಇಂದಿಗೂ ಖುರಾಕು ಎನ್ನುವುದು ಮಲ್ಲರ ಆ ಊಟವನ್ನೇ. ಅಖಾಡಕ್ಕೆ ಇಳಿಯುವ ಮೊದಲೇ ಯಾರೋ ಒಬ್ಬರು ಅದರ ಭಾರ ಹೊತ್ತಿರುತ್ತಾರೆ: ಮನೆಯವರು, ಉಸ್ತಾದರು, ಇಲ್ಲವೇ ಊರಿನ ಒಬ್ಬ ಸಾಹುಕಾರ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂಥ ಕಡೆ ಜಂಗಿ ಕುಸ್ತಿ ನೋಡಿದವರಿಗೆ ಕ್ರಮ ಗೊತ್ತು. ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ. ಆಮೇಲೆ ಹತ್ತು, ಐವತ್ತು, ನೂರು ರೂಪಾಯಿಯ ಜೋಡಿಗಳು. ಹಲಗೆಯ ಸದ್ದು ಏರಿದಂತೆ ಮೊತ್ತವೂ ಏರಿ, ಕೊನೆಯ ಕುಸ್ತಿ ಬೆಳ್ಳಿ ಕಡಗಕ್ಕೆ. ಇದರಲ್ಲಿ ಜಾಣತನವಿದೆ. ಹುಡುಗ ತನ್ನ ತೂಕದವನ ಜೊತೆ ಹಿಡಿಯುತ್ತಾನೆ, ತನ್ನ ಮಟ್ಟದ ಬಹುಮಾನಕ್ಕೆ ಆಡುತ್ತಾನೆ. ವೃತ್ತಿಪರ ಗಾಲ್ಫಿನಲ್ಲಿ ಜೋಡಿ ನೋಡುವ ಪದ್ಧತಿಯೇ ಇಲ್ಲ. ನಿನ್ನೆ ಕಾರ್ಡು ಪಡೆದವನೂ ಹತ್ತು ಪಂದ್ಯ ಗೆದ್ದವನೂ ಒಂದೇ ಕಡಗಕ್ಕೆ ಕೈಚಾಚಬೇಕು. ತೆಂಗಿನಕಾಯಿ ಯಾರಿಗೂ ಇಲ್ಲ.

ಹಾಗಿದ್ದೂ ಈ ಬಾಗಿಲಿನಿಂದ ಒಳಗೆ ಬಂದ ಕನ್ನಡ ನೆಲದವರಿದ್ದಾರೆ. ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊತ್ತ ಕ್ಯಾಡಿ. 2009ರ ಇಂಡಿಯನ್ ಓಪನ್‌ನಲ್ಲಿ ಕೊರಿಯಾದ ಲೀ ಸಂಗ್ ಜೊತೆ ಸಮ ಬಂದು ಪ್ಲೇಆಫ್‌ನಲ್ಲಿ ಗೆದ್ದಾಗ ಕೈಗೆ ಬಂದದ್ದು 2 ಲಕ್ಷ ಡಾಲರಿಗೆ ಸ್ವಲ್ಪವೇ ಕಡಿಮೆ. ನನಗೆ ಆ ಹಣಕ್ಕಿಂತ ದೊಡ್ಡದಾಗಿ ಕಂಡದ್ದು ಜೊತೆಗೆ ಸಿಕ್ಕ ಏಷ್ಯನ್ ಟೂರಿನ ಪ್ರವೇಶ. ವಾರವಾರ ಗೆರೆಯ ಲೆಕ್ಕ ಹಾಕುತ್ತಿದ್ದವನಿಗೆ ಇನ್ನು ಆಡಲು ಜಾಗವಿದೆಯೇ ಎಂಬ ಚಿಂತೆ ತಪ್ಪಿತು. ಎಸ್. ಚಿಕ್ಕರಂಗಪ್ಪನವರ ದಾರಿಯೂ ಅಂಥದ್ದೇ. ಬಿಡದಿ ಬಳಿಯ ಈಗಲ್‌ಟನ್‌ನಲ್ಲಿ ಚೆಂಡು ಆರಿಸುತ್ತ ಆಟ ಹಿಡಿದ ಹಳ್ಳಿ ಹುಡುಗ, ಕೋಚ್ ವಿಜಯ್ ದಿವೇಚಾ ಅವರ ಕಣ್ಣಿಗೆ ಬಿದ್ದದ್ದರಿಂದ ಮೇಲೆ ಬಂದರು. ಕ್ಲಬ್ಬಿನ ಸದಸ್ಯರ ಮಕ್ಕಳಿಗೆ ಅಂಗಳ ತೆರೆದೇ ಇರುತ್ತದೆ, ಕ್ಯಾಡಿ ಹುಡುಗನಿಗೆ ತೆರೆಯಬೇಕಾಗುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅಷ್ಟು ಹಳೆಯ ಆಟ ನಮ್ಮ ನಾಡಿನಲ್ಲಿದ್ದೂ ಮುನಿಯಪ್ಪನಂಥ ಹೆಸರಿಗೆ ಅಷ್ಟು ಕಾಲ ಕಾಯಬೇಕಾಗಿ ಬಂದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಹೊಸಬರ ವರ್ಷ ಹೇಗಿರಬಹುದು ಎಂಬುದಕ್ಕೆ ನಾನು ಪದೇಪದೇ ನೆನೆಯುವುದು ಬೆಂಗಳೂರಿನ ಅದಿತಿ ಅಶೋಕ್ ಅವರ 2016. ಹಿಂದಿನ ಡಿಸೆಂಬರಿನಲ್ಲಿ ಮೊರಾಕೊದಲ್ಲಿ ನಡೆದ ಲೇಡೀಸ್ ಯುರೋಪಿಯನ್ ಟೂರಿನ ಅರ್ಹತಾ ಪಂದ್ಯವನ್ನೇ ಗೆದ್ದು, ಹೊಸ ವರ್ಷದ ಮೊದಲ ದಿನ ವೃತ್ತಿಪರರಾದರು. ವಯಸ್ಸು 17. ಆಗಸ್ಟಿನಲ್ಲಿ ರಿಯೊ ಒಲಿಂಪಿಕ್ಸ್, ನವೆಂಬರಿನಲ್ಲಿ ಗುರುಗ್ರಾಮದ ಮಹಿಳಾ ಇಂಡಿಯನ್ ಓಪನ್ ಗೆಲುವು, ಬೆನ್ನಿಗೇ ಕತಾರಿನಲ್ಲಿ ಇನ್ನೊಂದು, ವರ್ಷದ ಕೊನೆಗೆ ಆ ಟೂರಿನ ಶ್ರೇಷ್ಠ ಹೊಸ ಆಟಗಾರ್ತಿ. ಹೇಳುವಾಗ ಎಲ್ಲ ಸಲೀಸು. ಆದರೆ ರಿಯೊದಲ್ಲಿ ಚೀಲ ಹೊತ್ತವರು ಯಾರು ನೋಡಿ: ಅಪ್ಪ. ಐದು ವರ್ಷದ ನಂತರ ಟೋಕಿಯೊದಲ್ಲಿ ಅಮ್ಮ ಮಹೇಶ್ವರಿ. ಅಲ್ಲಿ ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ದೇಶವೆಲ್ಲ ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿತು. ನಮ್ಮಲ್ಲಿ ಖುರಾಕು ಹೊರುವ ಅರಮನೆ ಈಗ ಅಪ್ಪ ಅಮ್ಮನ ಮನೆಯೇ. ಅಂಥ ಮನೆ ಇಲ್ಲದವರ ಗತಿಯೇ ನನ್ನ ಚಿಂತೆ.

ಆಟದ ಒಳಗಿನ ಕಷ್ಟ ಬೇರೆಯೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ತೆಳು, ಚೆಂಡು ಚೂರು ಹೆಚ್ಚು ಹಾರುತ್ತದೆ. ಅಲ್ಲಿ ಬೆಳೆದ ಹುಡುಗ ಕೋಲ್ಕತ್ತಾಕ್ಕೆ ಹೋಗಿ ಅದೇ ಕೋಲಿನಿಂದ ಅಷ್ಟೇ ಬಲ ಹಾಕಿದರೆ ಚೆಂಡು ಗ್ರೀನಿನ ಮುಂದಿನ ಕೆರೆಗೆ ಬೀಳುತ್ತದೆ. ಹುಲ್ಲಿನ ಓಟವೂ ಊರಿಂದ ಊರಿಗೆ ಬೇರೆ. ಗರಿಕೆ ಮಲಗಿದ ದಿಕ್ಕಿಗೆ ಚೆಂಡು ಓಡುತ್ತದೆ, ಎದುರಾದರೆ ಸಾಯುತ್ತದೆ. ಬೆಳಿಗ್ಗೆ ಕತ್ತರಿಸಿದ ಹುಲ್ಲು ಮಧ್ಯಾಹ್ನಕ್ಕೆ ಬೆಳೆದು ಇನ್ನಷ್ಟು ನಿಧಾನ. ಹಳಬರ ನೋಟ್‌ಬುಕ್ಕಿನಲ್ಲಿ ಇದೆಲ್ಲ ವರ್ಷಗಳಿಂದ ಬರೆದಿಟ್ಟಿರುತ್ತದೆ. ಹೊಸಬ ಅಭ್ಯಾಸದ ಒಂದೇ ಸುತ್ತಿನಲ್ಲಿ ಹೆಜ್ಜೆ ಎಣಿಸಿ ಬರೆದುಕೊಳ್ಳಬೇಕು.

ಆದ್ದರಿಂದ ಅಂಗಳಕ್ಕೆ ಹೋಗುವ ಅವಕಾಶ ಸಿಕ್ಕರೆ ಕೊನೆಯ ದಿನ ಹೋಗಬೇಡಿ, ಎರಡನೆಯ ದಿನದ ಮಧ್ಯಾಹ್ನ ಹೋಗಿ. ಮುಂದಾಳುಗಳ ಹಿಂದೆ ಓಡದೆ ಕಟ್ ಗೆರೆಯ ಹತ್ತಿರ ಇರುವವರ ಜೊತೆ ನಡೆಯಿರಿ. ಉಳಿಯಲು ಒಂದು ಪಾರ್ ಬೇಕಾದಾಗ ನಾಲ್ಕಡಿಯ ಪಟ್‌ಗೆ ಒಬ್ಬ ಎಷ್ಟು ಹೊತ್ತು ನಿಲ್ಲುತ್ತಾನೆ ನೋಡಿ. ಗೆಲ್ಲುವವನ ಪಟ್‌ಗಿಂತ ಅದರಲ್ಲಿ ಆಟ ಹೆಚ್ಚು ಕಾಣುತ್ತದೆ.

ಖುರಾಕಿನ ಮಾತಿಗೇ ಮರಳೋಣ. ಅಮೆರಿಕದ ಪಿಜಿಎ ಟೂರ್ 2022ರ ಆಗಸ್ಟಿನಲ್ಲಿ ಒಂದು ತೀರ್ಮಾನ ಮಾಡಿತು: ಪೂರ್ಣ ಕಾರ್ಡಿನ ಆಟಗಾರರಿಗೆ ವರ್ಷಕ್ಕೆ ಕನಿಷ್ಠ 5 ಲಕ್ಷ ಡಾಲರ್ ಖಾತ್ರಿ, 15 ಪಂದ್ಯ ಆಡಿರಬೇಕು. ಹೊಸಬರಿಗೆ ಆ ಹಣ ಮುಂಗಡವಾಗಿಯೇ. ಗೆದ್ದದ್ದನ್ನು ಅದರಲ್ಲಿ ಮುರಿದುಕೊಳ್ಳುತ್ತಾರೆ, ಹಾಗಾಗಿ ದಾನವಲ್ಲ. ಸೌದಿ ಹಣದ ಲಿವ್ ಟೂರ್ ಆಟಗಾರರನ್ನು ಎಳೆಯುತ್ತಿದ್ದ ಹೊತ್ತಿನಲ್ಲಿ ಬಂದ ಔದಾರ್ಯ ಎಂಬುದೂ ನಿಜ. ನಮ್ಮ ಟೂರಿನಿಂದ ಅಷ್ಟು ಕೇಳುವುದು ತಮಾಷೆಯಾದೀತು. ಆದರೆ 2024ರಿಂದ ಪಿಜಿಟಿಐ ಅಧ್ಯಕ್ಷರಾಗಿರುವ ಕಪಿಲ್ ದೇವ್ ಅವರಿಗೆ ಒಂದು ಸಣ್ಣ ಬೇಡಿಕೆ: ಕಾರ್ಡು ಪಡೆದ ಮೊದಲ ವರ್ಷದವರು 36 ಹೋಲ್ ಪೂರ್ತಿ ಆಡಿ ಗೆರೆಯ ಕೆಳಗೆ ಉಳಿದರೆ ಅವರ ಪ್ರವೇಶ ಶುಲ್ಕವನ್ನಾದರೂ ವಾಪಸ್ ಕೊಡಿ. ಗೆದ್ದವನ 15 ಲಕ್ಷದಲ್ಲಿ ಚೂರು ಮುರಿದರೂ ಸಾಕಾಗುತ್ತದೆ. ಹಳೆಯ ಆಟಗಾರರು ಗೊಣಗುತ್ತಾರೆ, ತಾವು ಪಟ್ಟ ಪಾಡನ್ನು ಇವರೂ ಪಡಲಿ ಅನ್ನುತ್ತಾರೆ. ಅನ್ನಲಿ ಬಿಡಿ.