ಹೊಲ, ಕಣಜ, ಒಲೆ: ಋತುವರ್ಣನೆಯ ಓದಿಗೆ ಒಂದು ತಿದ್ದುಪಡಿ

ನಮ್ಮ ಕಾವ್ಯಪರಂಪರೆಯಲ್ಲಿ ಋತುವರ್ಣನೆಯು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಅಲ್ಲಿ ವಸಂತವು ಮಾವಿನ ಚಿಗುರಿನೊಡನೆಯೂ ವರ್ಷಾಕಾಲವು ವಿರಹದೊಡನೆಯೂ ಪ್ರವೇಶಿಸುತ್ತವೆ. ನವೋದಯದ ನಂತರದ ವಿಮರ್ಶೆ ಈ ಪದ್ಧತಿಯನ್ನು ಟೀಕಿಸಿತಾದರೂ ತೊರೆಯಲಿಲ್ಲ. ‘ವರ್ಣನೆ’ಯ ಜಾಗದಲ್ಲಿ ‘ನಿಸರ್ಗಪ್ರಜ್ಞೆ’ ಎಂಬ ಮಾತು ಬಂದಿತು, ಅಷ್ಟೆ. ಇದರ ಪರಿಣಾಮವಾಗಿ ಸಣ್ಣ ಹಿಡುವಳಿಯ ಸಂಸಾರವೊಂದರ ವರ್ಷವು ನಮ್ಮ ಓದಿನಲ್ಲಿ ಇಂದಿಗೂ ದೃಶ್ಯವಾಗಿಯೇ ಉಳಿದಿದೆ. ನಾಲ್ಕೆಕರೆ ಹೊಲವುಳ್ಳವನಿಗೆ ಋತು ದೃಶ್ಯವಲ್ಲ. ಮುಂದಿನ ಸುಗ್ಗಿಯವರೆಗೆ ಮನೆಯಲ್ಲಿ ಏನಿದೆ, ಎಷ್ಟಿದೆ ಎಂಬ ಪ್ರಶ್ನೆಯೇ ಅವನಿಗೆ ಋತು. ಅವನ ಕಾಲಗಣನೆ ಆರು ಋತುಗಳದ್ದಲ್ಲ. ಹದಿಮೂರು ಹದಿನಾಲ್ಕು ದಿನಗಳಿಗೊಮ್ಮೆ ಬದಲಾಗುವ ಮಳೆನಕ್ಷತ್ರಗಳದ್ದು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆಯಲ್ಲಿ ಮಳೆ, ಬಿತ್ತನೆ, ರಾಶಿ ಮೂರೂ ಒಂದೇ ಉಸಿರಿನಲ್ಲಿವೆ. ಇವುಗಳ ನಡುವೆ ವರ್ಣನೆಗೆ ಎಡೆಯಿಲ್ಲ.

ಪ್ರಸ್ತುತ ಲೇಖನದ ವಾದವಿಷ್ಟೆ: ಬೆಳೆಗೂ ಅಡುಗೆಗೂ ನಡುವೆ ಕಣಜವಿದೆ. ನಮ್ಮ ವಿಮರ್ಶೆ ಹೊಲವನ್ನು ಕಂಡಿದೆ, ಅಪರೂಪಕ್ಕೆ ಒಲೆಯನ್ನೂ ಕಂಡಿದೆ, ಕಣಜವನ್ನು ಕಂಡಿಲ್ಲ. ಕೃತಿಯೊಂದರ ಋತುಪ್ರಜ್ಞೆಯನ್ನು ನಿರ್ಣಯಿಸಬೇಕಾದರೆ ಅಲ್ಲಿ ಕಣಜ ತುಂಬುವವರು ಯಾರು, ಅದರ ಬಾಗಿಲು ತೆಗೆಯುವವರು ಯಾರು, ಅದು ಯಾವ ತಿಂಗಳಿನಲ್ಲಿ ಬರಿದಾಗುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಹಳೆಯ ಶಾಸ್ತ್ರಗ್ರಂಥಗಳಿಂದಲೇ ಆರಂಭಿಸಬಹುದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ ರಚಿತವಾದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ನೆಲದೊಳಗಿನ ನೀರಿನ ಶೋಧ, ವೃಕ್ಷಾಯುರ್ವೇದ, ಪಶುವೈದ್ಯ, ಸೂಪಶಾಸ್ತ್ರಗಳು ಒಂದೇ ಗ್ರಂಥದೊಳಗೆ ಬರುತ್ತವೆ. ಸಾಹಿತ್ಯಚರಿತ್ರಕಾರರು ಇದನ್ನು ‘ವಿಶ್ವಕೋಶ’ವೆಂದು ಕರೆದು ಗೌರವದಿಂದ ಬದಿಗಿಟ್ಟರು. 2006ರಲ್ಲಿ ಇದರ ಇಂಗ್ಲಿಷ್ ಅನುವಾದವನ್ನು ಹೊರತಂದದ್ದು ಸಿಕಂದರಾಬಾದಿನ ಒಂದು ಕೃಷಿ ಇತಿಹಾಸ ಸಂಸ್ಥೆಯೇ ಹೊರತು ಸಾಹಿತ್ಯ ಸಂಸ್ಥೆಯಲ್ಲ ಎಂಬುದು ಗಮನಾರ್ಹ. ಬಾವಿ ತೋಡುವ ಜಾಗ, ಗಿಡದ ಆರೈಕೆ, ದನದ ರೋಗ, ಕಾಯಿಪಲ್ಲೆಯ ಪಾಕ ಇವೆಲ್ಲವೂ ಒಬ್ಬ ಗೃಹಸ್ಥನಿಗೆ ಬೇಕಾದ ಒಂದೇ ಜ್ಞಾನದ ಭಾಗಗಳೆಂಬ ತಿಳಿವಳಿಕೆ ಆ ಗ್ರಂಥದ ರಚನೆಯಲ್ಲಿಯೇ ಇದೆ.

ಸುಮಾರು ಐದು ಶತಮಾನಗಳ ನಂತರ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆಯುವ ಹೊತ್ತಿಗೆ ಈ ಜ್ಞಾನ ಎರಡಾಗಿ ಒಡೆದಿದೆ. ಬದನೆ, ಬಾಳೆ, ಹಲಸು, ಕಳಲೆಗಳ ಪಾಕವೈವಿಧ್ಯವನ್ನು ಅವನು ರಸಿಕನಾಗಿ ಬಲ್ಲ. ಆದರೆ ಅಲ್ಲಿ ಪದಾರ್ಥವು ಒಲೆಯ ಬಳಿಯೇ ಹುಟ್ಟಿದಂತಿರುತ್ತದೆ. ಕಳಲೆ ಮಳೆಗಾಲದ ಕೆಲವೇ ವಾರಗಳ ವಸ್ತು; ಅದನ್ನು ಬಿದಿರುಮೆಳೆಯಿಂದ ಕಿತ್ತು ತಂದವರು ಯಾರೆಂಬುದು ಪಾಕಗ್ರಂಥದ ವಿಷಯವಲ್ಲ. ಇದು ಮಂಗರಸನ ದೋಷವಲ್ಲ, ಅವನು ಬರೆದ ಪ್ರಕಾರದ ಮಿತಿ. ನಮ್ಮ ‘ಆಹಾರ ಸಂಸ್ಕೃತಿ’ಯ ಅಧ್ಯಯನಗಳಲ್ಲಿ ಬಹುಪಾಲು ಈ ಮಿತಿಯನ್ನೇ ಮಾದರಿಯಾಗಿಸಿಕೊಂಡು ತಿನಿಸುಗಳ ಪಟ್ಟಿಯಲ್ಲಿ ತೃಪ್ತಿಪಟ್ಟಿವೆ ಎಂಬುದು ಆಕ್ಷೇಪಾರ್ಹ.

ಕನಕದಾಸರ ‘ರಾಮಧಾನ್ಯ ಚರಿತೆ’ ಈ ಒಡಕನ್ನು ಮತ್ತೆ ಕೂಡಿಸುವ ಕೃತಿ. ಭತ್ತ ಮತ್ತು ರಾಗಿಗಳ ನಡುವಣ ಆ ವಾಗ್ವಾದವನ್ನು ಮೇಲು ಕೀಳುಗಳ ಸಂಘರ್ಷವಾಗಿ ಓದುವ ಪದ್ಧತಿ ಸುಸ್ಥಾಪಿತವಾಗಿದೆ. ಅದು ಸರಿಯಾದ ಓದೂ ಹೌದು. ಆದರೆ ಕಥೆಯ ತೀರ್ಪು ವಾದದಿಂದ ಬರುವುದಿಲ್ಲವೆಂಬುದನ್ನು ಆ ಓದು ಗಮನಿಸುವುದಿಲ್ಲ. ಗೌತಮಾಶ್ರಮದಲ್ಲಿ ಹುಟ್ಟಿದ ಜಗಳವನ್ನು ರಾಮನು ಮಾತಿನಲ್ಲಿ ಬಗೆಹರಿಸದೆ ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸತ್ತ್ವಗುಂದಿದೆ, ನರೆದಲೆಗ ಹಾಗೆಯೇ ಉಳಿದಿದೆ. ಈ ಸೆರೆಮನೆ ಯಾವುದು? ಬಯಲುಸೀಮೆಯ ರೈತನಿಗೆ ಇದರ ಉತ್ತರ ಹುಡುಕಬೇಕಾಗಿಲ್ಲ, ಅದು ಹಗೇವು. ನೆಲದಲ್ಲಿ ತೋಡಿ, ಬಾಯಿ ಮುಚ್ಚಿ, ಗಾಳಿಯಾಡದಂತೆ ಮಾಡಿದ ಆ ಕುಳಿಯಲ್ಲಿ ಸಣ್ಣ ಕಾಳಿನ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ದ ಬೆಳೆಗೆ ಆರು ತಿಂಗಳೆಂದರೆ ವೈಶಾಖ ಜ್ಯೇಷ್ಠ. ಹೊಸ ಬಿತ್ತನೆಯ ದುಡಿಮೆ ಆರಂಭವಾಗುವ, ಮನೆಯ ದವಸ ತಳ ಕಾಣುವ ಕಾಲವದು. ಆ ಹೊತ್ತಿಗೆ ಕೈಹಿಡಿಯುವ ಧಾನ್ಯ ಯಾವುದೋ ಅದೇ ಶ್ರೇಷ್ಠ. ಕಾವ್ಯದ ನ್ಯಾಯತತ್ತ್ವವು ಹೀಗೆ ಕಣಜದ ಅನುಭವದಿಂದ ಹುಟ್ಟಿದೆ ಎಂದು ನನ್ನ ಅಭಿಪ್ರಾಯ. ಬಡವರ ಪಕ್ಷ ವಹಿಸುವ ರಾಗಿಯ ಮಾತಿಗೆ ನೈತಿಕ ಬಲ ಬರುವುದು ಅದು ಸುಗ್ಗಿಯಲ್ಲಿ ಅಲ್ಲ, ಅಭಾವದಲ್ಲಿ ಒದಗುತ್ತದೆ ಎಂಬ ಕಾರಣದಿಂದ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಈ ಕಾವ್ಯವು ಭಾಷಣಗಳಲ್ಲಿ ಆರೋಗ್ಯದ ಪ್ರಶಸ್ತಿಪತ್ರವಾಗಿ ಬಳಕೆಯಾಯಿತು. ರಾಗಿಯನ್ನು ಅಂಗಡಿಯಲ್ಲಿ ಕೊಳ್ಳುವ ಕೈಗಳಿಗೆ ಆ ಆರು ತಿಂಗಳು ಅರ್ಥವಾಗದಿರುವುದು ಸಹಜ. ವಿಮರ್ಶಕನಿಗೆ ಅರ್ಥವಾಗದಿರುವುದು ಸಹಜವಲ್ಲ.

ಕಾದಂಬರಿಯ ಕಾಲಕ್ಕೆ ಬಂದಾಗ ಇನ್ನೊಂದು ಸಂಗತಿ ಎದುರಾಗುತ್ತದೆ. ಮನೆಯಲ್ಲಿರುವುದು ಒಂದು ಕಣಜವಲ್ಲ, ಎರಡು. ಭತ್ತದ ಕಣಜ ಯಜಮಾನನದು. ಅದರ ಲೆಕ್ಕ ಗೇಣಿ, ಸಾಲ, ಮಾರಾಟಗಳೊಡನೆ ಹೊಂದಿಕೊಂಡಿದೆ. ಅಡುಗೆಮನೆಯ ಅಟ್ಟ ಹೆಂಗಸರದು. ಕರಾವಳಿಯಲ್ಲಿ ಬೇಸಗೆಯ ಬಿಸಿಲಿಗೆ ಒಣಗಿಸಿದ ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ, ಮಾವಿನ ಮಿಡಿ, ಕೂಡಿಟ್ಟ ಹಲಸಿನ ಬೀಜ ಇವೆಲ್ಲವೂ ಆಸಾಡಿ ತಿಂಗಳಿಗಾಗಿ. ಹೊಳೆ ಉಕ್ಕಿ, ದಾರಿ ಮುಚ್ಚಿ, ಅಕ್ಕಿ ಮುಗಿಯುತ್ತ ಬಂದ ಆ ದಿನಗಳಲ್ಲಿ ಹಿತ್ತಿಲ ಕೆಸುವಿನೆಲೆಯೂ ಬೇಲಿಯ ಚಗಟೆ ಸೊಪ್ಪೂ ಇದರ ಜೊತೆಗೂಡುತ್ತವೆ. ಇಂದು ಹಬ್ಬದೂಟದ ಬಾಳೆಲೆಯಲ್ಲಿ ರುಚಿಯಾಗಿ ಕಾಣುವ ಹಲವು ಪದಾರ್ಥಗಳು ಹುಟ್ಟಿನಲ್ಲಿ ಬರಗಾಲದ ಉಪಾಯಗಳು.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಈ ದೃಷ್ಟಿಯಿಂದ ಓದಬೇಕು. ಕಡಲಿಗೂ ಹೊಳೆಗೂ ನಡುವಿನ ಕೋಡಿಯಲ್ಲಿ ರಾಮ ಐತಾಳನ ಪೌರೋಹಿತ್ಯ ಮನೆಗೆ ಮರ್ಯಾದೆಯನ್ನು ತರುತ್ತದೆ. ಮನೆಯನ್ನು ನಡೆಸುವುದು ಪಾರೋತಿ, ಸರಸೋತಿಯರ ಮೈದುಡಿಮೆ. ಮೂರು ತಲೆಮಾರುಗಳ ಈ ಕಥೆಯನ್ನು ವಿಮರ್ಶೆ ‘ಮಣ್ಣಿನ ಸೆಳೆತ’ವೆಂಬ ಸೂತ್ರದಲ್ಲಿ ಸಂಗ್ರಹಿಸಿದೆ. ಸೆಳೆಯುವ ಶಕ್ತಿಯನ್ನು ಮಣ್ಣಿಗೆ ಆರೋಪಿಸಿದ ಮಾತ್ರಕ್ಕೆ ಆ ಮಣ್ಣನ್ನು ಬದುಕಲು ಯೋಗ್ಯವಾಗಿ ಉಳಿಸಿದವರು ಮರೆಯಾಗುತ್ತಾರೆ. ಮದರಾಸು ಮುಂಬಯಿಗಳಲ್ಲಿ ಅಲೆದ ಮೊಮ್ಮಗ ರಾಮ ಕೊನೆಗೆ ಮರಳಿ ಬರುವುದು ಬರಿಯ ಮಣ್ಣಿಗಲ್ಲ. ಮೂವರು ಹೆಂಗಸರು, ಅಂದರೆ ಪಾರೋತಿ, ಸರಸೋತಿ ಹಾಗೂ ತಾಯಿ ನಾಗವೇಣಿ, ಕಷ್ಟದ ವರ್ಷಗಳಲ್ಲಿ ಆರದಂತೆ ಕಾದುಕೊಂಡ ಒಲೆಗೆ. ಕೃತಿಯ ಹೆಸರು ಮಣ್ಣನ್ನು ಹೇಳುತ್ತದೆ, ಕೃತಿಯ ವಿವರಗಳು ಒಲೆಯನ್ನು ಹೇಳುತ್ತವೆ.

ಕಣಜವೇ ಇಲ್ಲದವರ ಋತು ಯಾವುದು? ಈ ಪ್ರಶ್ನೆಯನ್ನು ಕೇಳದ ಋತುವಿಮರ್ಶೆ ಅಪೂರ್ಣ. 1933ರ ‘ಚೋಮನ ದುಡಿ’ಯಲ್ಲಿ ಚೋಮನಿಗೆ ಎತ್ತುಗಳಿವೆ, ದುಡಿಮೆಯ ತಿಳಿವಳಿಕೆಯಿದೆ, ಭೂಮಿಯಿಲ್ಲ. ಮಳೆ ಬಂದಾಗ ಅವನ ಎದೆಯಲ್ಲಿ ಏಳುವ ಬೇಸಾಯದ ಆಸೆ ಪ್ರತಿವರ್ಷವೂ ಇತರರ ಗದ್ದೆಯ ಅಂಚಿನಲ್ಲಿ ನಿಲ್ಲುತ್ತದೆ. ಮಕ್ಕಳು ಸಾಲ ತೀರಿಸಲು ಕಾಫಿತೋಟಕ್ಕೆ ಹೋಗುತ್ತಾರೆ. ಅಲ್ಲಿನ ಬೆಳೆ ಬೆಳೆದವರ ಮಡಕೆಗೆ ಬರುವಂಥದ್ದಲ್ಲ, ಮಾರುಕಟ್ಟೆಗೆ ಹೋಗುವಂಥದ್ದು. ಕೊನೆಯಲ್ಲಿ ನೇಗಿಲು ಮುರಿಯುವ ಅವನ ಕೃತ್ಯವನ್ನು ಹತಾಶೆಯೆಂದು ಮಾತ್ರ ಓದಿದರೆ ಸಾಲದು. ಇನ್ನು ಬಿತ್ತನೆಯ ಕಾಲವೆಂಬುದು ತನಗಿಲ್ಲವೆಂದು ಅವನು ಒಪ್ಪಿಕೊಂಡ ಗಳಿಗೆಯದು.

ದೇವನೂರ ಮಹಾದೇವರ ‘ಒಡಲಾಳ’ ಈ ವಿಚಾರವನ್ನು ಒಂದು ರಾತ್ರಿಗೆ ಇಳಿಸುತ್ತದೆ. ಸಾಕವ್ವನ ಸಂಸಾರವೆಲ್ಲ ಕದ್ದು ತಂದ ಕಡಲೆಕಾಯಿಯ ಸುತ್ತ ಕುಳಿತು ಬೆಳಗಾಗುವುದರೊಳಗೆ ತಿಂದು ಮುಗಿಸುತ್ತದೆ. ಬೆಳಗಾದರೆ ಪೊಲೀಸರು ಬರುತ್ತಾರೆ. ವರ್ಷಪೂರ್ತಿ ಹರಡಬೇಕಾದ ಸುಗ್ಗಿಯನ್ನು ಒಂದೇ ರಾತ್ರಿಯಲ್ಲಿ ಉಣ್ಣಬೇಕಾದ ಈ ಸ್ಥಿತಿಯಲ್ಲಿ ಕಣಜವು ಒಡಲೇ ಆಗಿದೆ. ಕೂಡಿಡಲು ಸುರಕ್ಷಿತವಾದ ಬೇರೆ ಜಾಗವಿಲ್ಲ. ಆ ರಾತ್ರಿಯ ಸಂಭ್ರಮ ಓದುಗನನ್ನು ನಗಿಸುತ್ತದೆ, ಮರುಕ್ಷಣವೇ ಆ ನಗೆಯ ಬಗ್ಗೆ ನಾಚಿಸುತ್ತದೆ. ಕನ್ನಡದ ಶ್ರೇಷ್ಠ ಸುಗ್ಗಿಯ ಚಿತ್ರಗಳಲ್ಲಿ ಇದನ್ನೂ ಸೇರಿಸದ ಯಾವ ಸಂಕಲನವೂ ಪ್ರಾಮಾಣಿಕವಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಇಂಥ ಓದು ಕಾವ್ಯವನ್ನು ದವಸದ ಲೆಕ್ಕದ ಪುಸ್ತಕವಾಗಿಸುವುದಿಲ್ಲವೆ? ಆ ಅಪಾಯ ಇದೆ. ಆದರೆ ಮೇಲಿನ ನಿದರ್ಶನಗಳಲ್ಲಿ ಕಣಜದ ವಿಚಾರ ಕೃತಿಯ ಹೊರಗಿನಿಂದ ತಂದದ್ದಲ್ಲ. ಆರು ತಿಂಗಳ ಸೆರೆ, ಮುರಿದ ನೇಗಿಲು, ಬೆಳಗಾಗುವುದರೊಳಗೆ ಮುಗಿಯಬೇಕಾದ ಊಟ ಇವು ಆಯಾ ಕೃತಿಯ ಕಟ್ಟಡದ ತೊಲೆಗಳು. ಅವುಗಳ ಭಾರವನ್ನು ಅರಿಯದೆ ಸೌಂದರ್ಯವನ್ನು ಅರಿಯುವುದು ಸಾಧ್ಯವಿಲ್ಲ.

ಹೊರನಾಡಿನ ಸಂಶೋಧಕರಿಗೆ ಈ ವಿಷಯ ಬೇರೊಂದು ಕಾರಣದಿಂದಲೂ ಮುಖ್ಯ. ಮಳೆನಕ್ಷತ್ರಗಳ ದಿನಚರಿಯಿಂದ ದೂರವಿರುವ ನಮಗೆ ಸೀತನಿ, ಹಗೇವು, ಅಕ್ಕಡಿಸಾಲು ಮುಂತಾದವು ಕೋಶದಲ್ಲಿ ಹುಡುಕುವ ಪದಗಳಾಗಿವೆ. ಕೋಶದಿಂದ ವಸ್ತು ತಿಳಿಯುತ್ತದೆ, ತಿಂಗಳು ತಿಳಿಯುವುದಿಲ್ಲ. ಆದರೆ ಹೊರನಾಡು ಅಂದ ಮಾತ್ರಕ್ಕೆ ಕ್ಷೇತ್ರ ದೂರವೆಂದು ತಿಳಿಯಬೇಕಾಗಿಲ್ಲ. ಕಲಬುರಗಿ, ಬೀದರ, ವಿಜಯಪುರಗಳಲ್ಲಿ ಎಳ್ಳಮಾವಾಸ್ಯೆಯಂದು ಹಿಂಗಾರಿ ಜೋಳದ ಹೊಲಕ್ಕೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಹಸಿ ಕಾಳು ಸೊಪ್ಪುಗಳ ಭಜ್ಜಿಯನ್ನು ಒಯ್ದು, ಚರಗ ಚೆಲ್ಲಿ ಉಣ್ಣುವ ಪದ್ಧತಿಯಿದೆ. ಗಡಿಯಾಚೆಯ ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿ ರೈತರಲ್ಲಿ ಇದೇ ಅಮಾವಾಸ್ಯೆಗೆ ‘ಯೇಳವಸ’ ಎಂಬ ಹೆಸರಿದೆ. ಅದು ನಮ್ಮ ‘ಎಳ್ಳಮಾಸಿ’ಗೆ ಎಷ್ಟು ಹತ್ತಿರವೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಊಟ ಹೊಲದಲ್ಲಿಯೇ, ಭಜ್ಜಿಯೇ. ರಾಜ್ಯಗಳ ಗಡಿ ಬದಲಾದರೂ ಕಪ್ಪುಮಣ್ಣಿನ ತಿಂಗಳು ಬದಲಾಗಿಲ್ಲ. ಪುಣೆ, ಮುಂಬಯಿ, ಹೈದರಾಬಾದುಗಳಿಂದ ಒಂದು ರಾತ್ರಿಯ ಪ್ರಯಾಣದಲ್ಲಿ ತಲಪಬಹುದಾದ ಈ ಪ್ರದೇಶವು ಎರಡು ಭಾಷೆಗಳ ಕೃಷಿಪದಗಳ ತೌಲನಿಕ ಅಧ್ಯಯನಕ್ಕೆ ಹದವಾದ ನೆಲ.

ಅಲ್ಲಿಗೆ ಹೋಗುವವರು ಭಕ್ಷ್ಯಗಳ ಹೆಸರನ್ನು ಬರೆದುಕೊಂಡು ಮರಳಬಾರದು. ಹೊಲ ಯಾರದು, ಬಿತ್ತಿದವರು ಯಾರು, ಬುತ್ತಿ ಕಟ್ಟಿದವರು ಎಷ್ಟು ಹೊತ್ತಿಗೆ ಎದ್ದರು, ಮೊದಲು ಉಂಡವರು ಯಾರು, ಉಳಿದದ್ದು ಯಾರ ಮನೆಗೆ ಹೋಯಿತು ಎಂಬುದನ್ನೂ ಕೇಳಬೇಕು. ಗ್ರಂಥವನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳೂ ಇವೇ.